ಹೊಗೆಸೊಪ್ಪಿನ ದಾಯಾದಿಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪನ್ನು ಬೆಳೆದು, ಬ್ಯಾರನ್ನಿನಲ್ಲಿ ಹದಮಾಡಿ, ಬೇಲು ಕಟ್ಟಿ ಹರಾಜು ಮಾರುಕಟ್ಟೆಗೆ ಸಾಗಿಸುವ ರೈತನ ಹೊಲದ ಬದಿಯಲ್ಲಿ, ಮನೆಯ ಖರ್ಚಿಗೆಂದು ನೆಟ್ಟ ಬದನೆ, ಮೆಣಸಿನಕಾಯಿ, ಟೊಮೆಟೊಗಳೂ, ಬೇಲಿಯ ಮಗ್ಗುಲಲ್ಲಿ ತಾನಾಗಿ ಹುಟ್ಟಿದ ಉಮ್ಮತ್ತಿಯೂ ಆ ಹೊಗೆಸೊಪ್ಪಿನ ದಾಯಾದಿಗಳೇ ಆಗಿವೆ. ಸೊಲನೇಸಿ ಎಂಬ ಈ ಕುಟುಂಬದಲ್ಲಿ ಸುಮಾರು 2,700 ಪ್ರಭೇದಗಳುಂಟು. ಇವೆಲ್ಲ ಬಂಧುಗಳೆಂಬುದು ಹಳೆಯ ಮಾತು. ಯಾರಿಗೆ ಯಾರು ಹತ್ತಿರವೆಂಬುದೇ ವ್ಯಾಜ್ಯ.

ಹಿಂದಿನ ವಿದ್ವಾಂಸರು ಹೂವಿನ ಆಕೃತಿ, ಕಾಯಿ ಬಿರಿಯುವ ರೀತಿ, ಬೀಜದೊಳಗಣ ಭ್ರೂಣದ ಬಾಗು ಇವುಗಳಿಂದ ನಿರ್ಣಯಿಸಿ, ಹೊಗೆಸೊಪ್ಪನ್ನು ತೋಟದ ಪೆಟೂನಿಯದ ಪಕ್ಕದಲ್ಲಿ ಕೂರಿಸಿ, ಬದನೆ ಟೊಮೆಟೊಗಳನ್ನು ಬೇರೊಂದು ಪಂಕ್ತಿಗೆ ಕಳುಹಿಸಿದ್ದರು. ಅವರ ಕಣ್ಣು ಮಂದವಾಗಿತ್ತೆಂದು ನಾನು ಹೇಳಲಾರೆ, ರೂಪಸಾಮ್ಯವೇ ವಂಚಕವಾದುದು.

ರೂಪವನ್ನು ಬಿಟ್ಟು ಈಗ ಈ ವ್ಯಾಜ್ಯಕ್ಕೆ ಸಾಕ್ಷಿಯಾಗಿ ಕರೆಯುವುದು ಡಿಎನ್‌ಎಯನ್ನು. ಅದು ನಾಲ್ಕೇ ಅಕ್ಷರಗಳ ದೀರ್ಘ ಲೇಖನ. ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನೊಳಗೂ ಅದರದೇ ಆದ ಚಿಕ್ಕದೊಂದು ಡಿಎನ್‌ಎ ಇರುವುದಷ್ಟೆ. ಹೊಗೆಸೊಪ್ಪಿನ ಆ ಸುಮಾರು 1,56,000 ಅಕ್ಷರಗಳನ್ನು ಜಪಾನಿನ ನಗೋಯಾದಲ್ಲಿ ಸುಗಿಯುರ ಮತ್ತು ಸಂಗಡಿಗರು 1986ರಲ್ಲಿ ಪೂರ್ತಿಯಾಗಿ ಓದಿದರು. ಹೂಬಿಡುವ ಗಿಡಗಳಲ್ಲಿ ಹಾಗೆ ಓದಿಸಿಕೊಂಡದ್ದು ಇದೇ ಮೊದಲು. ಬೇರೆಬೇರೆ ಗಿಡಗಳ ಇಂಥ ಪಾಠಗಳನ್ನು ಸಾಲಾಗಿಟ್ಟು ಹೋಲಿಸುವುದು, ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ಸಂಪಾದಕನ ಕ್ರಮವೇ ಸರಿ: ಶುದ್ಧಪಾಠವು ಎರಡು ಪ್ರತಿಗಳಲ್ಲಿ ಸಮಾನವಾಗಿದ್ದರೆ ಅದರಿಂದೇನೂ ಸಿದ್ಧಿಸದು, ಮೂಲದಲ್ಲಿಲ್ಲದ ಸ್ಖಾಲಿತ್ಯಗಳು ಎರಡರಲ್ಲಿಯೂ ಅವೇ ಸ್ಥಾನಗಳಲ್ಲಿ ಮತ್ತೆಮತ್ತೆ ಕಂಡುಬಂದಾಗ ಮಾತ್ರ ಅವು ಒಂದೇ ಮಾತೃಕೆಯಿಂದ ಇಳಿದುವೆಂದು ಹೇಳಬಹುದು. ಮೂಲಪಾಠವಾವುದೆಂದು ತಿಳಿಯಲು ಕುಟುಂಬದ ಹೊರಗಿನ ನೆಂಟನನ್ನು, ಎಂದರೆ ಸಿಹಿಗೆಣಸಿನ ಜಾತಿಯ ಬಳ್ಳಿಯನ್ನು, ಸಾಕ್ಷಿಗೆ ಕರೆಯುವರು.

ಈ ಕ್ರಮದಿಂದ ಅಮೆರಿಕದ ಓಮ್‌ಸ್ಟೆಡ್ ಮತ್ತು ಸಹಚರರು 2008ರಲ್ಲಿ ಪ್ರಕಟಿಸಿದ ವಂಶವೃಕ್ಷದಲ್ಲಿ ಹೊಗೆಸೊಪ್ಪು ಪೆಟೂನಿಯವನ್ನು ತೊರೆದು ಟೊಮೆಟೊವಿನ ಕಡೆಗೆ ಸರಿದಿದೆ. ಅದಕ್ಕಿಂತಲೂ ಹತ್ತಿರದ ಬಂಧುಗಳು ಇರುವುದು ಆಸ್ಟ್ರೇಲಿಯದಲ್ಲಿ. ಅಲ್ಲಿಯ ಆದಿವಾಸಿಗಳು ಪಿಟುರಿ ಎಂದು ಅಗಿಯುತ್ತಿದ್ದ ಡ್ಯುಬೋಯಿಸಿಯದ ಎಲೆಯಲ್ಲಿಯೂ ನಿಕೋಟಿನ್ ಉಂಟು. ವಿಜ್ಞಾನಿಗಿಂತ ಮೊದಲೇ ನಾಲಗೆ ಈ ನೆಂಟಸ್ತಿಕೆಯನ್ನು ಅರಿತಿತ್ತೇನೋ!

ಆದರೆ ಕ್ಲೋರೋಪ್ಲಾಸ್ಟು ಸಾಮಾನ್ಯವಾಗಿ ತಾಯಿಯಿಂದಲೇ ಬರುವುದರಿಂದ ಅದು ನುಡಿಯುವುದು ಅರ್ಧ ಕಥೆ. ನಮ್ಮ ಹೊಗೆಸೊಪ್ಪು ಸಂಕರಜ. ಅದರ ಕ್ಲೋರೋಪ್ಲಾಸ್ಟು ದಕ್ಷಿಣ ಅಮೆರಿಕದ ನಿಕೋಟಿಯಾನ ಸಿಲ್ವೆಸ್ಟ್ರಿಸ್ ಎಂಬ ಕಾಡುಗಿಡದ್ದು. ಕೋಶಕೇಂದ್ರದ ಡಿಎನ್‌ಎಯನ್ನು ಪರೀಕ್ಷಿಸಿದರೆ ಮಾತ್ರ ಟೊಮೆಂಟೋಸಿಫಾರ್ಮಿಸ್ ಎಂಬ ತಂದೆಯ ಹೆಸರು ಹೊರಬೀಳುತ್ತದೆ. ಇಬ್ಬರದೂ 24 ವರ್ಣತಂತುಗಳು, ಮಗುವಿನದು 48.

ಈ ಜ್ಞಾತಿನಿರ್ಣಯ ಪುಸ್ತಕದಲ್ಲಿಯೇ ಉಳಿಯಲಿಲ್ಲ. ಹೊಗೆಸೊಪ್ಪನ್ನೂ ಟೊಮೆಟೊವನ್ನೂ ಒಟ್ಟಿಗೆ ಕಾಡುವ ಮೊಸಾಯಿಕ್ ವೈರಸ್ಸನ್ನು ತಡೆಯುವ ಎನ್ ಎಂಬ ಜೀನ್ ನಿಕೋಟಿಯಾನ ಗ್ಲುಟಿನೋಸ ಎಂಬ ಒಂದು ಕಾಡು ಸೋದರನದು. ಸಂಕರದಿಂದ ಅದು ಹೊಗೆಸೊಪ್ಪಿಗೆ ಬಂದಿತು. ಸಂಕರಕ್ಕೆ ಒಗ್ಗದಷ್ಟು ದೂರವಾದ ಟೊಮೆಟೊವಿಗೂ ಪ್ರಯೋಗಶಾಲೆಯಲ್ಲಿ ಅದನ್ನು ಸೇರಿಸಿ ನೋಡಿದಾಗ, 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಲ್ಲಿಯೂ ಅದು ವೈರಸ್ಸನ್ನು ತಡೆದು ನಿಲ್ಲಿಸಿತು.