ಶಾಲೆಯ ಮಾತು ಊರಿಗೆ ಮುಟ್ಟಬೇಕು



‘ಶನಿವಾರ ಪಾಲಕರ ಸಭೆ ಇದೆ, ಮನೆಯಲ್ಲಿ ತಿಳಿಸಿ’ ಎಂದು ಶಾಲೆಯಲ್ಲಿ ನಿಮಗೊಂದು ಚೀಟಿ ಕೊಡುತ್ತಾರೆ. ಅದು ಪಾಟಿಚೀಲದಿಂದ ಹೊರಬಂದು ತಾಯಿಯ ಕಿವಿಗೆ ಮುಟ್ಟುತ್ತದೆಯೇ? ಇಂದಿನ ನಮ್ಮ ವಿಚಾರ ಈ ಸಣ್ಣ ಪ್ರಶ್ನೆಯನ್ನು ಕುರಿತದ್ದು.

ಸರ್ಕಾರಿ ಶಾಲೆ ಊರಿನ ಸ್ವತ್ತು ಎನ್ನುವುದು ವಾಡಿಕೆಯ ಮಾತು. ಅದಕ್ಕೆ ರೂಪ ಕೊಡಲು ಕರ್ನಾಟಕ ಸರ್ಕಾರ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ರಚನೆಗೆ ಆದೇಶ ಹೊರಡಿಸಿತು. ಮುಂದೆ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 21ನೆಯ ಕಲಮಿನಂತೆ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಅದರ ಕೆಲಸ. ಆದರೆ ಸಭೆಯ ಸುದ್ದಿಯೇ ತಿಳಿಯದ ತಾಯಿಗೆ ಈ ಹಕ್ಕಿನಿಂದ ಏನು ಪ್ರಯೋಜನ?

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯನ್ನು ನೋಡಿ. ಚಿಕ್ಕೋಡಿಯಲ್ಲಿ ಉಪನಿರ್ದೇಶಕರ ಕಚೇರಿ, ಅದರ ಕೆಳಗೆ ಅಥಣಿ, ರಾಯಬಾಗ, ನಿಪ್ಪಾಣಿ, ಕಾಗವಾಡ ಮುಂತಾದೆಡೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅನಂತರ ಮುಖ್ಯಾಧ್ಯಾಪಕರು. ಸುತ್ತೋಲೆ ಈ ಮೆಟ್ಟಿಲುಗಳನ್ನು ಇಳಿದು ಬರುತ್ತದೆ. ಕೊನೆಯ ಮೆಟ್ಟಿಲಿನಿಂದ ಮನೆಯ ಹೊಸ್ತಿಲವರೆಗಿನ ದಾರಿಯೇ ಕಷ್ಟದ್ದು.

ಮೊದಲನೆಯದು ಭಾಷೆ. ಕಾಗವಾಡಕ್ಕೆ ಮಹಾರಾಷ್ಟ್ರದ ಮಿರಜ ನೆರೆಯೂರು. ಇಲ್ಲಿ ಕನ್ನಡದೊಡನೆ ಮರಾಠಿ, ಉರ್ದು ಆಡುವ ಮನೆಗಳೂ ಇವೆ. ಮಗು ಯಾವ ಮಾಧ್ಯಮದಲ್ಲೇ ಓದಲಿ, ಸೂಚನೆ ಪಾಲಕರಿಗೆ ಅರ್ಥವಾಗುವ ಮಾತಿನಲ್ಲಿರಬೇಕು. ಓದು ಬಾರದವರಿಗೆ ಬಾಯಿಮಾತೇ ಬೇಕು.

ಎರಡನೆಯದು ವೇಳೆ. ಕಬ್ಬಿನ ಹಂಗಾಮಿನಲ್ಲಿ ಹೊಲಕ್ಕೆ ಹೋದವರು ಹಗಲು ಹನ್ನೊಂದಕ್ಕೆ ಸಭೆಗೆ ಬರಲಾರರು. ಬಂದರೆ ಅಂದಿನ ಕೂಲಿ ಹೋಯಿತು. ‘ಪಾಲಕರಿಗೆ ಆಸಕ್ತಿಯಿಲ್ಲ’ ಎಂದು ದೂರುವ ಮೊದಲು ಗಡಿಯಾರವನ್ನು ನೋಡಬೇಕು.

ಮೂರನೆಯದು ಆಪತ್ತು. 2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಈ ಭಾಗದ ನದಿತೀರದ ಊರುಗಳನ್ನು ಕಾಡಿದಳು. ಇಂಥ ದಿನಗಳಲ್ಲಿ ಶಾಲೆ ಎಂದು ತೆರೆಯುತ್ತದೆ, ನೆನೆದ ಪುಸ್ತಕಗಳ ಬದಲು ಬೇರೆ ಎಲ್ಲಿ ಸಿಗುತ್ತವೆ ಎಂಬುದು ಮನೆಮನೆಗೆ ತಿಳಿಯಬೇಕು. ಸುದ್ದಿ ಮುಟ್ಟದ ಮನೆಯ ಮಗು ಶಾಲೆಯಿಂದ ದೂರವಾಗುವ ಭಯವುಂಟು.

ಈಗ ಮೊಬೈಲಿನಲ್ಲಿ ವಾಟ್ಸಾಪ್ ಗುಂಪುಗಳಿವೆ. ಅನುಕೂಲವೇ ಸರಿ. ಆದರೆ ಫೋನು ತಂದೆಯ ಕಿಸೆಯಲ್ಲಿದ್ದರೆ ಸಮಿತಿಯ ಸದಸ್ಯೆಯಾದ ತಾಯಿಗೆ ಸುದ್ದಿ ತಿಳಿಯುವುದೆಂತು? ಆದ್ದರಿಂದ ಫಲಕವೂ ಇರಲಿ, ಡಂಗುರವೂ ಇರಲಿ, ಶಿಕ್ಷಕರ ಮನೆಭೇಟಿಯೂ ಇರಲಿ. ಊರಿನ ಮಾತು ಶಾಲೆಗೆ ಮರಳಿ ಬರುವ ದಾರಿಯೂ ಇರಲಿ. ಹೇಳುವುದಷ್ಟೇ ಸಂವಹನವಲ್ಲ, ಕೇಳಿಸಿಕೊಳ್ಳುವುದೂ ಅದರ ಭಾಗ.

ವಿದ್ಯಾರ್ಥಿಗಳೇ, ಶಾಲೆಗೂ ಮನೆಗೂ ದಿನವೂ ನಡೆದಾಡುವವರು ನೀವು. ಚೀಟಿಯನ್ನು ತಾಯಿಗೆ ಓದಿ ಹೇಳಿ. ಶೌಚಾಲಯಕ್ಕೆ ನೀರಿಲ್ಲ, ಕೋಣೆ ಸೋರುತ್ತದೆ ಎಂಬ ನಿಮ್ಮ ಮಾತನ್ನು ಅವರು ಸಭೆಯಲ್ಲಿ ಎತ್ತಲಿ. ಕಾಲೇಜಿನಲ್ಲಿರುವವರು ನೆರೆಮನೆಯ ಪಾಲಕರಿಗೂ ಈ ನೆರವು ನೀಡಬಹುದು.