ಹುಲಿ ಬೇಕೋ, ಆನೆ ಬೇಕೋ?

ಸೀಟಿ ಊದಿದಾಗ ಆಟ ಆರಂಭವಾಗುತ್ತದೆಂದು ನೋಡುವವರು ತಿಳಿದಿರುತ್ತಾರೆ. ಆಡುವ ಮಕ್ಕಳನ್ನು ಕೇಳಿದರೆ ಬೇರೆ ಉತ್ತರ ದೊರೆಯುತ್ತದೆ. ಯಾರು ಯಾವ ಪಕ್ಷವೆಂಬುದು ತೀರ್ಮಾನವಾಗುವ ಮೊದಲ ಐದು ನಿಮಿಷಗಳಲ್ಲಿಯೇ ಅವರ ಪಾಲಿಗೆ ಅರ್ಧ ಆಟ ಮುಗಿದಿರುತ್ತದೆ. ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ವ್ಯಾಯಾಮ ಶಿಕ್ಷಕನಾಗಿ ದುಡಿದ ನನಗೆ, ಆ ಐದು ನಿಮಿಷಗಳ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ.

ಈಗ ಎಲ್ಲೆಡೆ ಕಾಣುವ ಕ್ರಮ ಹೀಗೆ: ಗಟ್ಟಿಗರಿಬ್ಬರು ನಾಯಕರಾಗುತ್ತಾರೆ, ಸರದಿಯಂತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದುಕೊಳ್ಳುತ್ತಾರೆ. ಪಕ್ಷಗಳು ಸರಿಸುಮಾರು ಸಮವಾಗಿಯೇ ಬರುತ್ತವೆ, ಅಲ್ಲವೆನ್ನಲಾರೆ. ಆದರೆ ಕೊನೆಗೆ ಉಳಿಯುವ ಮಗುವೊಂದಿರುತ್ತದಲ್ಲ! ಎಲ್ಲರ ಹೆಸರು ಮುಗಿದ ಮೇಲೆ, 'ಹೋಗಲಿ, ನೀನೂ ಬಾ' ಎಂಬ ಕರೆ ಅದಕ್ಕೆ. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ನಮ್ಮ ಗಾದೆಯನ್ನು ನಾವು ದೊಡ್ಡವರು ನಗುತ್ತ ಆಡುತ್ತೇವೆ. ದಿನವೂ ಅದನ್ನು ಮೈದಾನದಲ್ಲಿ ನಿಂತು ಅನುಭವಿಸುವ ಹುಡುಗ ಕೆಲವು ದಿನಗಳಲ್ಲಿ ಹೊಟ್ಟೆನೋವಿನ ನೆಪ ಹೇಳಿ ತರಗತಿಯಲ್ಲಿಯೇ ಉಳಿಯುತ್ತಾನೆ. ಆ ಹೊಟ್ಟೆನೋವಿಗೆ ಮದ್ದಿಲ್ಲ.

ಇದಕ್ಕಿಂತ ಹಳೆಯದೂ ಜಾಣತನದ್ದೂ ಆದ ಇನ್ನೊಂದು ಕ್ರಮವುಂಟು. ಕೇಳುತ್ತಿರುವ ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಅದನ್ನು ಅನುಸರಿಸಿದವರೇ. ನಾಯಕರಿಬ್ಬರು ಒಂದೆಡೆ ಕುಳಿತಿರುತ್ತಾರೆ. ಉಳಿದವರು ತಮಗೆ ಸರಿಸಮಾನರಾದವರನ್ನು ತಾವೇ ಹುಡುಕಿಕೊಂಡು ಜೋಡಿಯಾಗುತ್ತಾರೆ. ಹೆಗಲ ಮೇಲೆ ಕೈಹಾಕಿ ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, 'ಹುಲಿ ಬೇಕೋ, ಆನೆ ಬೇಕೋ?' ಎಂದು ಕೇಳುತ್ತಾರೆ. ನಾಯಕ ಹುಲಿ ಎಂದರೆ ಹುಲಿಯಾದವನು ಅವನ ಪಕ್ಷ, ಆನೆಯಾದವನು ಎದುರು ಪಕ್ಷ. ಮುಂದಿನ ಜೋಡಿಯಲ್ಲಿ ಆರಿಸುವ ಸರದಿ ಇನ್ನೊಬ್ಬ ನಾಯಕನದು. ಬಂಡೀಪುರದ ಕಾಡು ಹತ್ತಿರವೆಂದೋ ಏನೋ, ಗುಂಡ್ಲುಪೇಟೆಯ ಮಕ್ಕಳಿಗೆ ಮೃಗಗಳ ಹೆಸರೇ ಪ್ರೀತಿ. ಚಾಮರಾಜನಗರದಲ್ಲಿ ಚಿತ್ರನಟರ ಹೆಸರುಗಳು ಬರುತ್ತಿದ್ದವು.

ಇಲ್ಲಿ ಆರಿಸುವವನಿಗೆ ತಾನು ಯಾರನ್ನು ಆರಿಸುತ್ತಿದ್ದೇನೆಂದು ತಿಳಿಯದು. ಆದುದರಿಂದ ಯಾರೂ ಕೊನೆಯವರಾಗಿ ಉಳಿಯುವುದಿಲ್ಲ. ಕಣ್ಣಸನ್ನೆಯ ಮೋಸ ಇಲ್ಲವೆಂದಲ್ಲ. ಆದರೆ ಅದನ್ನು ಹಿಡಿಯುವ ಕಣ್ಣುಗಳೂ ಅಲ್ಲಿಯೇ ಇರುತ್ತವೆ. ಇನ್ನೂ ಮುಖ್ಯವಾದುದೆಂದರೆ, ಸಮಾನರು ಯಾರೆಂಬ ತೂಕ ಮಕ್ಕಳದೇ. ಬೆಳಗಿನ ಜಾವವೇ ಎದ್ದು ಚೆಂಡುಹೂವಿನ ಹೊಲದಲ್ಲಿ ಹೂ ಬಿಡಿಸಿ ಶಾಲೆಗೆ ಬಂದ ಹುಡುಗಿಯ ಕಾಲಿನಲ್ಲಿ ಆ ದಿನ ಎಷ್ಟು ಓಟ ಉಳಿದಿದೆಯೆಂಬುದು ಹಾಜರಿ ಪುಸ್ತಕಕ್ಕೆ ತಿಳಿಯದು, ಅವಳ ಗೆಳತಿಗೆ ತಿಳಿದಿರುತ್ತದೆ.

ಮತ್ತೊಂದು ಸೂಕ್ಷ್ಮವಿದೆ. ಜೋಡಿಯಾದವರು ಎದುರು ಬದುರಾಗಲೇಬೇಕು. ಹುಡುಗ ಸಹಜವಾಗಿ ಕೈಹಾಕುವುದು ತನ್ನ ಕೇರಿಯ ಗೆಳೆಯನ ಹೆಗಲಿನ ಮೇಲೆ; ಮರುಗಳಿಗೆಯಲ್ಲಿ ಆ ಗೆಳೆಯ ಎದುರು ಪಕ್ಷದಲ್ಲಿ, ಬೇರೆ ಕೇರಿಯವನು ತನ್ನ ಪಕ್ಕದಲ್ಲಿ. ಕೇರಿಗೊಂದು ತಂಡ ಕಟ್ಟುವ ಊರುಗಳಲ್ಲಿ ಆಟದ ಜಗಳ ಮನೆಯವರೆಗೆ ಹೋಗುವುದನ್ನು ಕಂಡ ನನಗೆ ಇದು ಸಣ್ಣ ಮಾತಾಗಿ ತೋರುವುದಿಲ್ಲ. ಹಳೆಯದೆಲ್ಲವೂ ಒಳ್ಳೆಯದೆಂದು ಹೇಳುತ್ತಿಲ್ಲ: ಕೆಲವು ಕೇರಿಗಳ ಮಕ್ಕಳನ್ನು ಬಯಲಿನ ಅಂಚಿನಲ್ಲಿಯೇ ನಿಲ್ಲಿಸಿದ ಕಾಲವೂ ಅದೇ. ಜೋಡಿಯಾಗಲು ಮೊದಲು ಒಳಗೆ ಬರಬೇಕಷ್ಟೆ.

ನಾವು ಹಿರಿಯರು ನಂಬಿರುವ ಅಳತೆ ವಯಸ್ಸು. ರಾಷ್ಟ್ರೀಯ ಶಾಲಾ ಕ್ರೀಡೆಗಳಲ್ಲಿ 14, 17, 19 ವರ್ಷದೊಳಗಿನವರೆಂಬ ವಿಭಾಗಗಳಿವೆ. ಗಡಿಯಾದ ದಿನದ ಆಚೆ ಈಚೆ ಹುಟ್ಟಿದವರ ಗತಿಯೇನು? ಹತ್ತು ವರ್ಷದ ಮಗುವಿಗೆ ಹನ್ನೊಂದು ತಿಂಗಳ ಅಂತರವೆಂದರೆ ಆಯುಷ್ಯದ ಹತ್ತರಲ್ಲೊಂದು ಪಾಲು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂದು 1985ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿಕೊಟ್ಟರು. ಅಲ್ಲಿ ವಯಸ್ಸಿನ ಎಣಿಕೆ ಜನವರಿ 1ರಿಂದ. ನಮ್ಮಲ್ಲಿ ಹಿಂದೆ ಇಂತಹ ಸಂಶೋಧನೆ ಕೈಗೊಂಡಿದ್ದರೆ ಆಟಗಾರರಲ್ಲಿ ಬಹುಪಾಲು ಜೂನ್ 1ರಂದೇ ಹುಟ್ಟಿದವರೆಂದು ತಿಳಿದು ಅವರು ಬೆರಗಾಗುತ್ತಿದ್ದರು! ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಿಂದ ಬರೆದ ತಾರೀಖು ಅದು. ಜನನ ಪ್ರಮಾಣಪತ್ರ ಬಂದ ಮೇಲೆ ಈ ರೂಢಿ ಬಹುಮಟ್ಟಿಗೆ ತಗ್ಗಿದೆ. ಕಿರಿಯರ ಕಬಡ್ಡಿಯಲ್ಲಿ ದೇಹದ ತೂಕಕ್ಕೂ ಮಿತಿಯುಂಟು. ವಯಸ್ಸಿಗಿಂತ ತಕ್ಕಡಿ ಪ್ರಾಮಾಣಿಕವೆಂಬುದು ನಿಜ. ಆದರೆ ತೂಕ ಮಾಡಿಸುವ ಹಿಂದಿನ ರಾತ್ರಿ ಊಟ ಬಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ.

1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾಮಟ್ಟದ ಕೂಟ ನಮಗೆ ಹತ್ತಿರವಾಯಿತು, ಗೆಲ್ಲುವ ಆತುರವೂ ಹೆಚ್ಚಿತು. ಖೊ ಖೊಗೆ ಹನ್ನೆರಡು ಮಂದಿಯನ್ನು ಆರಿಸಿ, ದಿನವೂ ಅವರನ್ನು ಉಳಿದವರ ಮೇಲೆ ಬಿಡುವ ಪದ್ಧತಿ ಬೆಳೆಯಿತು. ಹೋಬಳಿ ಕೂಟಕ್ಕೆ ಉತ್ತಮರನ್ನು ಆರಿಸಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ನಿತ್ಯದ ಸಂಜೆಗೆ ಆ ಪಟ್ಟಿಯೇಕೆ? ಸುಲಭವಾಗಿ ಗೆಲ್ಲುವವರು ಏನನ್ನೂ ಕಲಿಯರು, ದಿನವೂ ಸೋಲುವವರು ಮರಳಿ ಬಾರರು. ಆಯ್ಕೆಯಾದವರನ್ನು ಒಡೆದು ಎರಡೂ ಕಡೆ ಹಾಕುವ ಕೆಲಸವನ್ನು ಹುಲಿ ಆನೆಗಳಿಗೇ ಬಿಟ್ಟುಕೊಟ್ಟಿದ್ದೆ.

ಒಂಟಿಯಾಗಿ ಉಳಿಯುವವರ ಸಮಸ್ಯೆ ಮಾತ್ರ ಈ ಕ್ರಮದಲ್ಲಿಯೂ ಇದೆ. ಹತ್ತೊಂಬತ್ತು ಹುಡುಗಿಯರು ಬಂದ ದಿನ ಒಂಬತ್ತು ಒಂಬತ್ತಾಗಿ ಹಂಚಿ, ಮಿಕ್ಕವಳನ್ನು ಅಂಕ ಬರೆಯಲು ಕೂರಿಸುವುದು ಎಲ್ಲೆಡೆಯ ವಾಡಿಕೆ. ಗುಂಡ್ಲುಪೇಟೆಯ ಹುಡುಗಿಯರು ಕಂಡುಕೊಂಡ ಪರಿಹಾರ ಬೇರೆ: ಅವಳು ಎರಡು ಪಕ್ಷಗಳ ಪರವಾಗಿಯೂ ಓಡಬೇಕು, ಬೆನ್ನಟ್ಟಲು ಕೂರುವಂತಿಲ್ಲ. ಒಂದೇ ವಾರದಲ್ಲಿ ಆ ಸ್ಥಾನಕ್ಕಾಗಿ ಜಗಳ ಶುರುವಾಯಿತು. ಜೋಡಿ ಸಿಗಬಾರದೆಂದು ಇಬ್ಬರು ಮೂವರು ಬೇಕೆಂದೇ ತಡವಾಗಿ ಬರತೊಡಗಿದರು.