ಉಗಿ ಸೋರುವುದು ಎಲ್ಲಿಂದ?
(ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಒಲೆಯ ಮುಂದಿನಿಂದ ಎದ್ದು ದವಾಖಾನೆ, ದಂತವೈದ್ಯರ ಕ್ಲಿನಿಕ್ಕುಗಳಲ್ಲಿ ಕೆಲಸಕ್ಕೆ ಸೇರಿದವರು ನಮ್ಮಲ್ಲಿ ಹಲವರಿದ್ದಾರೆ. ಕತ್ತರಿ, ಚಿಮಟ, ಹಲ್ಲು ಕೀಳುವ ಇಕ್ಕಳ ಇವನ್ನೆಲ್ಲ ಉಗಿಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ನಮ್ಮ ಕೈಗೇ ಬರುತ್ತದೆ. ಅದು ಡಾಕ್ಟರರ ಯಂತ್ರ, ನಮಗೇಕೆ ಎಂದು ಸುಮ್ಮನಿರುವಂತಿಲ್ಲ. ಅದು ಸಿಡಿದರೆ ಸುಡುವುದು ನಮ್ಮ ಕೈ. ಅದು ಸೋರಿದರೆ ಅಪಾಯ ಬಡ ರೋಗಿಗೆ.

ಇಡ್ಲಿ ಪಾತ್ರೆಯ ಉಗಿ 100 ಡಿಗ್ರಿಯನ್ನು ದಾಟದು. ಇಡ್ಲಿಗೆ ಅಷ್ಟು ಸಾಕು. ಗಟ್ಟಿ ಕವಚದ ರೋಗಾಣುಗಳಿಗೆ ಸಾಲದು. ಉಗಿಯನ್ನು ಬಿಗಿಯಾಗಿ ಮುಚ್ಚಿ 15 ಪೌಂಡು ಒತ್ತಡಕ್ಕೆ ಏರಿಸಿದರೆ ಶಾಖ 121 ಡಿಗ್ರಿ ಮುಟ್ಟುತ್ತದೆ. ಆ ಶಾಖ ಕಡಿಮೆಯೆಂದರೆ 15 ನಿಮಿಷ ನಿಲ್ಲಬೇಕು. ಒತ್ತಡ ಸೋರಿದರೆ ಶಾಖವೂ ಇಳಿಯಿತು, ಕೆಲಸವೂ ಕೆಟ್ಟಿತು.

ಮುಳ್ಳು ಏರದಿದ್ದರೆ ಮೊದಲು ನೀರು ಸಾಕಷ್ಟಿದೆಯೇ, ಹೀಟರು ಕಾಯುತ್ತಿದೆಯೇ ನೋಡಿರಿ. ಎರಡೂ ಸರಿಯಿದ್ದರೆ ಸೋರಿಕೆಯನ್ನು ಹುಡುಕಿರಿ. ಕೈಯಿಂದ ತಡಕಬೇಡಿರಿ. ತೂತಿನ ಬಾಯಲ್ಲಿ ಉಗಿ ಕಣ್ಣಿಗೆ ಕಾಣದು. ಬೆರಳು ಮಾತ್ರ ಬೆಂದೀತು. ಉದ್ದನೆಯ ಇಕ್ಕಳದಲ್ಲಿ ತಣ್ಣಗಿನ ಸ್ಟೀಲ್ ತಟ್ಟೆಯನ್ನು ಹಿಡಿದು ಸುತ್ತ ಹಾಯಿಸಿರಿ. ಎಲ್ಲಿ ಹನಿಗಟ್ಟುತ್ತದೆಯೋ ಅಲ್ಲೇ ಸೋರಿಕೆ.

ಬಹಳ ಸಲ ತಪ್ಪು ಮುಚ್ಚಳದ ರಬ್ಬರಿನದು. ಕರೆಂಟು ತೆಗೆದು, ಮುಳ್ಳು ಸೊನ್ನೆಗೆ ಬಂದು, ಯಂತ್ರ ತಣ್ಣಗಾದ ಮೇಲೆ ಮುಚ್ಚಳ ತೆಗೆಯಿರಿ. ರಬ್ಬರಿನ ಮೇಲೆ ಹತ್ತಿ, ನೂಲು, ಸುಣ್ಣದ ಪದರ ಕುಳಿತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿರಿ. ಅದು ಕೂರುವ ಅಂಚನ್ನೂ ಒರೆಸಿರಿ. ಬಿರುಕು ಬಿಟ್ಟಿದ್ದರೆ, ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಲೇಬೇಕು. ತಿರುಪುಗಳಿರುವ ಮುಚ್ಚಳವಾದರೆ ಒಂದೇ ಬದಿಯಿಂದ ಬಿಗಿಯಬೇಡಿರಿ. ಎದುರುಬದಿರಿನ ಎರಡೆರಡನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಒತ್ತಡವಿರುವಾಗ ತಿರುಪಿಗೆ ಕೈ ಹಾಕಲೇಬಾರದು.

ಸೇಫ್ಟಿ ವಾಲ್ವು ಬೇಗನೆ ಬಿಡುತ್ತಿದ್ದರೆ ಅದರ ಬಾಯಲ್ಲಿ ಸುಣ್ಣ ಕಟ್ಟಿರಬಹುದು, ಸ್ಪ್ರಿಂಗು ಸೋತಿರಬಹುದು. ಮೆಕ್ಯಾನಿಕ್ಕನಿಗೆ ಹೇಳಿರಿ. ತಂತಿ ಬಿಗಿದು, ಮೇಲೆ ಭಾರವಿಟ್ಟು ಅದರ ಬಾಯಿ ಮುಚ್ಚುವುದು ಕೊಲೆಗೆ ಸಮ. ಯಾವ ಮಾಲೀಕರು ಹೇಳಿದರೂ ಆ ಕೆಲಸ ಮಾಡಬೇಡಿರಿ. ಸುಣ್ಣ ಕಟ್ಟದಂತೆ ಡಿಸ್ಟಿಲ್ಡ್ ನೀರನ್ನೇ ಕೇಳಿ ಪಡೆಯಿರಿ; ಟ್ಯಾಂಕರಿನ ಗಡಸು ನೀರು ಬೇಡ.

ಇನ್ನೊಂದು ಮಾತು. ಒಳಗಿನ ಗಾಳಿ ಪೂರ್ತಿ ಹೋಗುವ ಮುನ್ನ ಕಾಕು ಮುಚ್ಚಿದರೆ ಮುಳ್ಳು 15 ತೋರಿಸೀತು, ಶಾಖ ಮಾತ್ರ 121 ಮುಟ್ಟದು. ಆದ್ದರಿಂದ ಉಗಿ ಒಂದೇ ಸಮನೆ ಹೊರಡುವವರೆಗೆ ಕಾಯಿರಿ.

ನಡುವೆ ಒತ್ತಡ ಇಳಿದ ಸಾಮಾನು ಶುದ್ಧವಲ್ಲ. ದುರಸ್ತಿಯಾದ ಮೇಲೆ ಮೊದಲಿನಿಂದ ಪೂರ್ತಿ ಹೊತ್ತು ಇಡಬೇಕು. ಹೊರಗೆ ರೋಗಿಗಳ ಸಾಲಿದೆ, ಬೇಗ ಕೊಡು ಎಂದು ಗದರಿಸುವವರು ಇದ್ದಾರೆ. "ಇದು ಆಗಿಲ್ಲ, ಸಾರ್" ಎಂದು ನಿಂತು ಹೇಳಿರಿ. ರಬ್ಬರು, ವಾಲ್ವು, ಕೈಗವಸು ಬೇಕೆಂದು ಬರೆದುಕೊಡಿರಿ. ಬರೆಯಲು ಬಾರದಿದ್ದರೆ ಸಂಘದ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ. ಹಾಗೆ ಹೇಳಿದ್ದಕ್ಕೆ ಯಾರನ್ನಾದರೂ ಕೆಲಸದಿಂದ ತೆಗೆದರೆ ಅವನೊಬ್ಬನೇ ಬಾಗಿಲಾಚೆ ನಿಲ್ಲುವುದಿಲ್ಲ, ನಾವೆಲ್ಲರೂ ನಿಲ್ಲುತ್ತೇವೆ.